ಮೂಗಿಲ್ಲದ ಹುಡುಗಿ ಯಾರ ಮಗಳು?

2025ರ ಜುಲೈನಲ್ಲಿ ಒಂದು ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅಮುಲ್ ಬೆಣ್ಣೆಯ ಜಾಹೀರಾತಿನಲ್ಲಿ ಬರುವ ಚುಕ್ಕಿ ಫ್ರಾಕಿನ ಪುಟ್ಟ ಹುಡುಗಿ ಬರೀ ಕಲ್ಪನೆಯಲ್ಲ, ಸಂಸದ ಶಶಿ ತರೂರ್ ಅವರ ತಂಗಿ ಶೋಭಾ ಅವರೇ ಆ ಚಿತ್ರಕ್ಕೆ ಮೂಲ ಎಂಬುದು ಅದರ ಸಾರಾಂಶ. ಬೆನ್ನಿಗೇ ಅಮುಲ್ ಸ್ಪಷ್ಟನೆ ನೀಡಿ, ಚಿತ್ರಕ್ಕೆ ಶೋಭಾ ಅವರು ಪ್ರೇರಣೆಯಲ್ಲ ಎಂದಿತು. ಇತ್ತ ಶೋಭಾ ಅವರು ತಾವು ಅಮುಲ್ ಜಾಹೀರಾತಿನ ಮೊದಲ ಮಗು ಎಂಬುದನ್ನು ಖಚಿತಪಡಿಸಿದರು. ಎರಡೂ ಸುದ್ದಿಗಳನ್ನು ಒಟ್ಟಿಗೆ ಓದಿದವರು ಗೊಂದಲಕ್ಕೆ ಬಿದ್ದದ್ದು ಸಹಜ.

ಕರ್ನಾಟಕದಲ್ಲಿ ಗೊಂದಲಕ್ಕೆ ಇನ್ನೊಂದು ಎಳೆಯೂ ಸೇರಿಕೊಂಡಿತ್ತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ಅಮುಲ್ ಮಳಿಗೆಗಳಿಗೆ ಜಾಗ ಕೊಟ್ಟ ವಿಚಾರ ರಾಜ್ಯವ್ಯಾಪಿ ಚರ್ಚೆಯಾಗಿತ್ತು. ಒಂದು ಕಡೆ ಎಲ್ಲರೂ ಇಷ್ಟಪಡುವ ಹುಡುಗಿ, ಇನ್ನೊಂದು ಕಡೆ ನಂದಿನಿಗೆ ಎದುರಾಳಿಯಾಗಿ ನಿಂತ ಸಂಸ್ಥೆ. ಎರಡಕ್ಕೂ ಒಂದೇ ಹೆಸರು. ಶಿವಮೊಗ್ಗದ ಗಾಂಧಿ ಬಜಾರಿನ ಯಾವುದಾದರೂ ಅಂಗಡಿಯ ಫ್ರಿಜ್ ಬಾಗಿಲು ತೆರೆದರೆ ಅಮುಲ್ ಬೆಣ್ಣೆಯೂ ನಂದಿನಿ ಮೊಸರೂ ಒಂದೇ ತಣ್ಣನೆಯ ಗಾಳಿಯಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ. ಕೊಳ್ಳುವವರಿಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ಡೈರಿಗೆ ಹಾಲು ಹಾಕುವವರಿಗೆ ಕಾಣುತ್ತದೆ.

ಹುಡುಗಿ ಯಾರು ಎಂಬ ಪ್ರಶ್ನೆಗೆ ಉತ್ತರವಿದೆ, ಅದನ್ನು ಮೊದಲು ನೋಡೋಣ. ಆಕೆ ಯಾರ ಪರವಾಗಿ ಮಾತನಾಡುತ್ತಾಳೆ ಎಂಬ ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ಮಲೆನಾಡಿಗೆ ಬೇಕಾದ ಪ್ರಶ್ನೆ ಅದು.

ಎರಡು ಮಕ್ಕಳು, ಒಂದೇ ಹೆಸರು

ಶೋಭಾ ಅವರ ಮಾತೂ ಸುಳ್ಳಲ್ಲ, ಅಮುಲ್‌ನ ಮಾತೂ ಸುಳ್ಳಲ್ಲ. 1960ರ ದಶಕದ ಆರಂಭದಲ್ಲಿ ಅಮುಲ್ ಹಾಲಿನ ಪುಡಿಯ ಜಾಹೀರಾತಿಗೆ ನಿಜವಾದ ಮಗುವಿನ ಛಾಯಾಚಿತ್ರ ಬಳಸಲಾಗಿತ್ತು. ಆ ಮಗು ಶೋಭಾ. ಆ ಚಿತ್ರ ತೆಗೆದವರು ಮುಂದೆ ಚಲನಚಿತ್ರ ನಿರ್ದೇಶಕರಾಗಿ ಹೆಸರಾದ ಶ್ಯಾಮ್ ಬೆನಗಲ್ ಎಂದು ಶೋಭಾ ಅವರು ಹೇಳಿದ್ದಾರೆ. ಬೆಣ್ಣೆಯ ಹುಡುಗಿ ಹುಟ್ಟಿದ್ದು ಆಮೇಲೆ, 1966ರಲ್ಲಿ, ಛಾಯಾಚಿತ್ರವಾಗಿ ಅಲ್ಲ, ಗೆರೆಯ ಚಿತ್ರವಾಗಿ. ಜಾಹೀರಾತು ಪರಿಣತ ಸಿಲ್ವೆಸ್ಟರ್ ಡಕೂನಾ ಮತ್ತು ಚಿತ್ರಕಾರ ಯೂಸ್ಟೇಸ್ ಫರ್ನಾಂಡಿಸ್ ಆಕೆಯನ್ನು ರೂಪಿಸಿದರು.

ಪುಡಿಗೆ ಒಂದು ಮಗು, ಬೆಣ್ಣೆಗೆ ಇನ್ನೊಂದು. ಆದರೆ ಜನರ ನೆನಪು ಪುಡಿಯನ್ನೂ ಬೆಣ್ಣೆಯನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುವುದಿಲ್ಲ. ಅರುವತ್ತು ವರ್ಷ ಕಳೆದಾಗ ಎರಡೂ ‘ಅಮುಲ್ ಮಗು’ ಎಂಬ ಒಂದೇ ಹೆಸರಿನಡಿ ಸೇರಿಹೋದವು.

ಇಂಥ ತಪ್ಪು ಕಲ್ಪನೆ ಇದೊಂದೇ ಅಲ್ಲ. ಪಾರ್ಲೆ-ಜಿ ಬಿಸ್ಕತ್ತಿನ ಪೊಟ್ಟಣದ ಮೇಲಿರುವ ಮಗು ನಮ್ಮ ಸುಧಾ ಮೂರ್ತಿ ಅವರೇ ಎಂಬ ಸುದ್ದಿ ಎಷ್ಟು ಬಾರಿ ಬಂದು ಹೋಗಿಲ್ಲ! ಶಿಗ್ಗಾವಿಯಲ್ಲಿ ಹುಟ್ಟಿದ ಕನ್ನಡತಿಯ ಮುಖ ದೇಶದ ಮನೆಮನೆಯ ಬಿಸ್ಕತ್ತಿನ ಮೇಲಿದೆ ಎಂದರೆ ನಂಬಲು ಮನಸ್ಸು ತಾನಾಗಿಯೇ ಓಡುತ್ತದೆ. ಅದು 1960ರ ದಶಕದಲ್ಲಿ ಎವರೆಸ್ಟ್ ಜಾಹೀರಾತು ಸಂಸ್ಥೆಯ ಚಿತ್ರಕಾರ ಮಗನ್‌ಲಾಲ್ ದಹಿಯಾ ಬರೆದ ಚಿತ್ರ, ಅದಕ್ಕೆ ಯಾರೂ ಮಾದರಿಯಲ್ಲ ಎಂದು ಕಂಪನಿ ಸ್ಪಷ್ಟಪಡಿಸಿದೆ. ಆದರೂ ಸುದ್ದಿ ಸಾಯುವುದಿಲ್ಲ.

ಅದಕ್ಕೆ ಜನರ ಪೆದ್ದುತನ ಕಾರಣವಲ್ಲ. ಹೆಸರಿನ ಹಿಂದೆ ನಿಜವಾದ ಮಗು ಇದ್ದ ಉದಾಹರಣೆಯೂ ಇದೆ. ನಿರ್ಮಾ ಪುಡಿಯ ಸ್ಥಾಪಕ ಕರ್ಸನ್‌ಭಾಯ್ ಪಟೇಲ್ ತಮ್ಮ ಮಗಳು ನಿರುಪಮಾಳ ಹೆಸರನ್ನೇ ಪುಡಿಗೆ ಇಟ್ಟರು. ಒಂದು ಕಡೆ ನಿಜವಾದದ್ದು ಎಲ್ಲ ಕಡೆಯೂ ನಿಜವಿರಬಹುದು ಎಂದುಕೊಳ್ಳುವುದು ಮನುಷ್ಯ ಸಹಜ.

ಆಗುಂಬೆಯಲ್ಲಿ ಸ್ವಾಮಿಯ ಮನೆ

ಈ ಹುಡುಕಾಟವನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಆರ್.ಕೆ. ನಾರಾಯಣ್ ಕಲ್ಪಿಸಿದ ಮಾಲ್ಗುಡಿ ಭೂಪಟದಲ್ಲಿಲ್ಲ. 1980ರ ದಶಕದಲ್ಲಿ ಶಂಕರ್ ನಾಗ್ ಅದರ ಕಥೆಗಳನ್ನು ದೂರದರ್ಶನಕ್ಕಾಗಿ ಬಹುಪಾಲು ಆಗುಂಬೆಯಲ್ಲಿ ಚಿತ್ರಿಸಿದ ಮೇಲೆ ಇಲ್ಲದ ಊರಿಗೆ ಒಂದು ವಿಳಾಸ ಸಿಕ್ಕಿತು. ಇಂದಿಗೂ ಪ್ರವಾಸಿಗರು ಆಗುಂಬೆಯ ದೊಡ್ಡಮನೆಯ ಮುಂದೆ ನಿಂತು, ಆ ಕಥೆಗಳ ಹುಡುಗ ಸ್ವಾಮಿಯ ಮನೆ ಇದೇ ಎಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಶಿವಮೊಗ್ಗ-ತಾಳಗುಪ್ಪ ರೈಲು ಮಾರ್ಗದ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ರೈಲ್ವೆ ಇಲಾಖೆಯೇ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾಡಿತು.

ಆ ಧಾರಾವಾಹಿಯ ಶೀರ್ಷಿಕೆಯಲ್ಲಿ ಬರುವ ರೇಖಾಚಿತ್ರಗಳನ್ನು ಬರೆದವರು ನಾರಾಯಣ್ ಅವರ ತಮ್ಮ, ಮೈಸೂರಿನ ಆರ್.ಕೆ. ಲಕ್ಷ್ಮಣ್. ಅದೇ ಕೈ 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ಗಟ್ಟು ಎಂಬ ಹುಡುಗನನ್ನು ಬರೆದಿತ್ತು. ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಕುಂಚ, ಕಣ್ಣ ಮೇಲೆ ಬಿದ್ದ ಕೂದಲು. ಗಟ್ಟು ಯಾರ ಮಗ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಬರೆದವರ ಹೆಸರು ಎಲ್ಲರಿಗೂ ಗೊತ್ತಿತ್ತು. ಕಲಾವಿದನ ಹೆಸರು ಮುಂದೆ ನಿಂತಲ್ಲಿ ಪಾತ್ರಕ್ಕೆ ಬೇರೆ ಮೂಲ ಬೇಕಾಗುವುದಿಲ್ಲ, ಹೆಸರು ಮರೆಗೆ ಸರಿದಲ್ಲಿ ಖಾಲಿ ಜಾಗವನ್ನು ವದಂತಿ ತುಂಬುತ್ತದೆ. ಯೂಸ್ಟೇಸ್ ಫರ್ನಾಂಡಿಸ್ 2010ರಲ್ಲಿ ತೀರಿಕೊಂಡರು. ಅವರ ಚಿತ್ರವನ್ನು ಕಾಣದ ಮನೆ ಕಡಿಮೆ, ಆದರೆ ಹೆಸರು ಕೇಳಿದವರೂ ಕಡಿಮೆ. ಜುಲೈನ ಸ್ಪಷ್ಟನೆಯಿಂದ ಆದ ಒಂದು ಒಳ್ಳೆಯ ಕೆಲಸವೆಂದರೆ ಆ ಹೆಸರು ಮತ್ತೆ ಅಚ್ಚಾಯಿತು.

ನದೀಮೂಲ, ಋಷಿಮೂಲ ಕೇಳಬಾರದು ಎನ್ನುತ್ತಾರೆ. ಚಿತ್ರದ ಮೂಲವನ್ನು ಮಾತ್ರ ಕೇಳಲೇಬೇಕು. ಅಲ್ಲಿ ಒಬ್ಬ ಕೆಲಸಗಾರನ ಶ್ರಮ ಇರುತ್ತದೆ.

ಆ ಮುಖದಲ್ಲಿ ಏನಿದೆ, ಏನಿಲ್ಲ

ಚಿತ್ರವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ನೀಲಿ ಕೂದಲು, ನೆತ್ತಿಯಲ್ಲಿ ಚುಕ್ಕಿ ರಿಬ್ಬನ್ನಿನ ಪುಟ್ಟ ಜುಟ್ಟು. ಬಿಳಿ ಫ್ರಾಕಿನ ಮೇಲೆ ಕೆಂಪು ಚುಕ್ಕಿ. ದೊಡ್ಡ ಕಣ್ಣು, ಉಬ್ಬಿದ ಕೆನ್ನೆ. ಮೂಗು ಇಲ್ಲ. ಎಷ್ಟೋ ವರ್ಷ ನೋಡಿದವರೂ ಇದನ್ನು ಗಮನಿಸಿರುವುದಿಲ್ಲ.

ಇಷ್ಟು ಸರಳವಾಗಿ ಬರೆದದ್ದಕ್ಕೆ ಪ್ರಾಯೋಗಿಕ ಕಾರಣವಿತ್ತು. 1966ರ ಮುಂಬಯಿಯಲ್ಲಿ ಜಾಹೀರಾತು ಫಲಕಗಳನ್ನು ಪೇಂಟರ್‌ಗಳು ಕೈಯಿಂದಲೇ ಬರೆಯುತ್ತಿದ್ದರು, ಮತ್ತು ಆ ಫಲಕಗಳು ಪದೇ ಪದೇ ಬದಲಾಗಬೇಕಿತ್ತು. ಹತ್ತು ಪೇಂಟರ್‌ಗಳು ಹತ್ತು ಕಡೆ ಬರೆದರೂ ಹುಡುಗಿ ಅವಳೇ ಆಗಿ ಕಾಣಬೇಕು. ಅದಕ್ಕೆ ಗೆರೆ ಕಡಿಮೆ ಇರಬೇಕು. ಗೆರೆ ಕಡಿಮೆಯಾದಷ್ಟೂ ಮುಖ ಯಾರದೂ ಅಲ್ಲದ್ದಾಯಿತು. ಯಾರದೂ ಅಲ್ಲದ ಮುಖದಲ್ಲಿ ನೋಡುವವರು ತಮ್ಮ ಮನೆಯ ಮಗುವನ್ನು ಕಾಣುತ್ತಾರೆ. ಪಕ್ಕದ ಮನೆಯ ಮಗು, ಸಂಸದರ ತಂಗಿ, ಯಾರನ್ನು ಬೇಕಾದರೂ ಅಲ್ಲಿ ಕೂರಿಸಬಹುದು. ಮೂಲ ಹುಡುಕುವ ವದಂತಿಗೆ ಬೀಜ ಆ ಸರಳತೆಯಲ್ಲಿಯೇ ಇದೆ.

ಎರಡನೆಯ ಕಾರಣ ಪೈಪೋಟಿ. ಆಗ ಬೆಣ್ಣೆ ಎಂದರೆ ಪೋಲ್ಸನ್. ಮುಂಬಯಿ ಕಡೆ ಹೊಗಳಿ ಕೆಲಸ ಸಾಧಿಸುವುದಕ್ಕೂ ‘ಪೋಲ್ಸನ್ ಹಚ್ಚುವುದು’ ಎನ್ನುವಷ್ಟು ಅದರ ಹೆಸರಿತ್ತು. ನಮ್ಮ ‘ಬೆಣ್ಣೆ ಹಚ್ಚುವುದು’ ಇದ್ದಂತೆಯೇ. ಪೋಲ್ಸನ್ ಜಾಹೀರಾತಿನಲ್ಲೂ ಒಬ್ಬ ಹುಡುಗಿಯಿದ್ದಳು. ಅವಳಿಗೆ ಎದುರಾಗಿ ಅಮುಲ್ ತನ್ನ ತುಂಟ ಹುಡುಗಿಯನ್ನು ಇಳಿಸಿತು. ಮೊದಮೊದಲ ಫಲಕಗಳಲ್ಲೊಂದರಲ್ಲಿ ಆಕೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದಳು, ಒಂದು ಕಣ್ಣು ಮಾತ್ರ ಬೆಣ್ಣೆಯ ಮೇಲೆ.

ಈ ಬೆಣ್ಣೆ ನಮ್ಮ ಬೆಣ್ಣೆಯಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಎಮ್ಮೆ ಹಾಲಿನಿಂದ ಬಂದ ಅಮುಲ್‌ನ ಮೊದಲ ಬೆಣ್ಣೆ ಬೆಳ್ಳಗಿತ್ತು, ಉಪ್ಪಿರಲಿಲ್ಲ. ಪೋಲ್ಸನ್ ರುಚಿಗೆ ಒಗ್ಗಿದ ಪೇಟೆಯವರು ಅದನ್ನು ಒಪ್ಪಲಿಲ್ಲ. ಉಪ್ಪು ಮತ್ತು ಹಳದಿ ಬಣ್ಣ ಸೇರಿದ ಮೇಲೆಯೇ ಅದು ಓಡಿತು. ಹಳದಿ ಬೆಣ್ಣೆ ಬ್ರೆಡ್ಡಿನ ಜೊತೆಗಾರ. ದಾವಣಗೆರೆಯ ಬೆಣ್ಣೆ ದೋಸೆಯ ಮೇಲೆ ಕರಗುವುದು, ತೀರ್ಥಹಳ್ಳಿಯ ಮನೆಯಲ್ಲಿ ಅಕ್ಕಿ ರೊಟ್ಟಿಯ ನಡುವೆ ಕೂರುವುದು ಮಜ್ಜಿಗೆ ಕಡೆದು ತೆಗೆದ ಬಿಳಿ ಬೆಣ್ಣೆ. ಹುಡುಗಿಯ ಮಾತೂ ಬಹುಪಾಲು ಇಂಗ್ಲಿಷ್ ಮತ್ತು ಹಿಂದಿ ಶ್ಲೇಷೆಯ ಮೇಲೆ ನಿಂತದ್ದು. ಹೀಗಾಗಿ ಮಲೆನಾಡಿನ ಹಳ್ಳಿಗಳಲ್ಲಿ ಆಕೆಯ ಮುಖ ಎಲ್ಲರಿಗೂ ಗೊತ್ತು, ಮಾತು ಕೇಳಿಸಿಕೊಂಡವರು ಕಡಿಮೆ.

ಹಾಸ್ಯಗಾರನ ಸಲುಗೆ

ಆಕೆಯ ಮಾತಿನ ಬಗೆಯನ್ನು ಯಕ್ಷಗಾನ ನೋಡುವವರು ಬೇಗ ಹಿಡಿಯುತ್ತಾರೆ. ಪ್ರಸಂಗ ದ್ವಾಪರಯುಗದ್ದು, ಆದರೆ ಹಾಸ್ಯಗಾರ ರಂಗಕ್ಕೆ ಬಂದು ಊರಿನ ಹೊಂಡ ಬಿದ್ದ ರಸ್ತೆಯ ಬಗ್ಗೆ ಒಂದು ಮಾತು ಎಸೆಯುತ್ತಾನೆ. ಸಭೆ ನಗುತ್ತದೆ, ರಸ್ತೆ ಮಾಡಿಸಬೇಕಾದವರೂ ಮುಂದಿನ ಸಾಲಿನಲ್ಲಿ ಕುಳಿತು ನಗಬೇಕಾಗುತ್ತದೆ. ಬೆಣ್ಣೆ ಹುಡುಗಿಗೂ ಅದೇ ಸಲುಗೆ. 1976ರಲ್ಲಿ, ತುರ್ತುಪರಿಸ್ಥಿತಿಯ ಕಡ್ಡಾಯ ಸಂತಾನಹರಣ ಚಿಕಿತ್ಸೆಯ ಭಯದ ದಿನಗಳಲ್ಲಿ, ಆಕೆ ನರ್ಸಿನ ವೇಷದಲ್ಲಿ ಬೆಣ್ಣೆಯ ತಟ್ಟೆ ಹಿಡಿದು ಬಂದಳು. ಸ್ಟೆರಿಲೈಸೇಷನ್ ಎಂಬ ಪದ ಆ ಶಸ್ತ್ರಚಿಕಿತ್ಸೆಗೂ ಸಲ್ಲುತ್ತದೆ, ಕ್ರಿಮಿ ನಾಶಕ್ಕೂ ಸಲ್ಲುತ್ತದೆ. ಶ್ಲೇಷೆ ಆ ಎರಡರ ನಡುವೆ ಆಡಿತ್ತು. 2001ರಲ್ಲಿ ಇಂಡಿಯನ್ ಏರ್‌ಲೈನ್ಸ್ ಮುಷ್ಕರದ ಕುರಿತ ಫಲಕ ಕಂಡು ಸಿಟ್ಟಾದ ಆ ಸಂಸ್ಥೆ, ವಿಮಾನದಲ್ಲಿ ಅಮುಲ್ ಬೆಣ್ಣೆಯನ್ನೇ ಕೊಡುವುದಿಲ್ಲ ಎಂದು ಎಚ್ಚರಿಸಿತ್ತು.

ಇಂಥ ಧೈರ್ಯ ಹೇಗೆ ಬಂತು? ಅಮುಲ್ ಕಟ್ಟಿ ಬೆಳೆಸಿದ ವರ್ಗೀಸ್ ಕುರಿಯನ್ ಜಾಹೀರಾತು ಸಂಸ್ಥೆಗೆ ಪೂರ್ವಾನುಮತಿಯ ಹಂಗಿಲ್ಲದೆ ಕೆಲಸ ಮಾಡುವ ಸ್ವಾತಂತ್ರ್ಯ ಕೊಟ್ಟಿದ್ದರು. ಇವತ್ತಿನ ಸುದ್ದಿಗೆ ನಾಳೆಯೇ ಫಲಕ ಏಳಬೇಕಾದರೆ ಕಡತ ನಾಲ್ಕು ಮೇಜು ಸುತ್ತುವಂತಿಲ್ಲ. ಸ್ವಾತಂತ್ರ್ಯದಿಂದ ವೇಗ ಬಂತು, ವೇಗದಿಂದ ಜನರ ಗಮನ ಬಂತು, ದಶಕಗಟ್ಟಲೆ ನಿಂತ ಗಮನದಿಂದ ಪ್ರೀತಿ ಬೆಳೆಯಿತು. ಡಕೂನಾ 2023ರ ಜೂನ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಕೆಲಸ ಅವರ ಮಗ ರಾಹುಲ್ ಕೈಗೆ ಬಂದು ಬಹಳ ಕಾಲವಾಗಿತ್ತು. ಹುಡುಗಿಗೆ ಮಾತ್ರ ವಯಸ್ಸಾಗಿರಲಿಲ್ಲ. ಕಾನೂನಿನ ಪ್ರಕಾರವೂ ಆಗುವುದಿಲ್ಲ: ನೋಂದಾಯಿತ ವಾಣಿಜ್ಯ ಚಿಹ್ನೆಯನ್ನು ಹತ್ತು ವರ್ಷಕ್ಕೊಮ್ಮೆ ಎಷ್ಟು ಸಲ ಬೇಕಾದರೂ ನವೀಕರಿಸಬಹುದು.

ನಂದಿನಿಗೆ ಮುಖ ಕೊಟ್ಟವರು

ಇಲ್ಲಿಂದ ನಮ್ಮ ಕಡೆಗೆ ತಿರುಗಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ನಂದಿನಿಗೆ ಹಸುವಿನ ಚಿಹ್ನೆ ಇದೆ, ವಸಿಷ್ಠರ ಆಶ್ರಮದ ಹಸುವಿನ ಹೆಸರಿದೆ. ಆದರೆ ಮಾತನಾಡುವ ಬೊಂಬೆ ಇಲ್ಲ. ಕರ್ನಾಟಕ ಹಾಲು ಮಹಾಮಂಡಳ ಬೇರೆ ದಾರಿ ಹಿಡಿಯಿತು, ಜನ ಆಗಲೇ ಪ್ರೀತಿಸುತ್ತಿದ್ದ ನಿಜವಾದ ಮುಖಗಳನ್ನು ಕರೆತಂದಿತು. ಡಾ. ರಾಜ್‌ಕುಮಾರ್ ತಮ್ಮ ಜೀವನದಲ್ಲಿ ಜಾಹೀರಾತೊಂದರಲ್ಲಿ ಕಾಣಿಸಿಕೊಂಡಿದ್ದರೆ ಅದು ನಂದಿನಿಗಾಗಿ, ಸಂಭಾವನೆ ಪಡೆಯದೆ. ಆಮೇಲೆ ಪುನೀತ್ ರಾಜ್‌ಕುಮಾರ್, 2023ರಿಂದ ಶಿವರಾಜ್‌ಕುಮಾರ್, ಅವರೂ ಹಣ ಪಡೆಯದೆ.

ಇದರ ಬೆಲೆ ದುಡ್ಡಿನಲ್ಲಿ ಅಳೆಯುವಂಥದ್ದಲ್ಲ. ರೈತರ ಹಾಲಿಗೆ ಹಣ ಬೇಡ ಎಂದ ನಟನ ಮಾತಿಗೆ ಬರುವ ತೂಕ ಯಾವ ಗೆರೆಯ ಚಿತ್ರಕ್ಕೂ ಬರುವುದಿಲ್ಲ. ಆದರೆ ಮನುಷ್ಯರ ಮುಖಕ್ಕೆ ಆಯುಷ್ಯ ಇದೆ. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ಹೋದರು. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದರು, 46ನೇ ವಯಸ್ಸಿಗೆ. ಪ್ರತಿ ಸಲವೂ ನಂದಿನಿ ಮತ್ತೊಬ್ಬರನ್ನು ಕೇಳಿಕೊಳ್ಳಬೇಕಾಯಿತು.

ನಿಜವಾದ ಮುಖಕ್ಕೆ ಇನ್ನೊಂದು ತೊಡಕೂ ಇದೆ. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ನೇಮಿಸಿದಾಗ, ಕನ್ನಡದ ನಟಿಯರು ಇರಲಿಲ್ಲವೇ ಎಂಬ ಕೂಗೆದ್ದಿತು. ಶಿವಮೊಗ್ಗಕ್ಕೂ ಅದು ದೂರದ ಮಾತಲ್ಲ, ಆ ಸಾಬೂನು ತಯಾರಿಸುವ ಸರ್ಕಾರಿ ಸಂಸ್ಥೆಯ ಬೇರುಗಳಲ್ಲಿ ಒಂದು 1944ರಲ್ಲಿ ಇಲ್ಲಿ ಆರಂಭವಾದ ಗಂಧದೆಣ್ಣೆ ಕಾರ್ಖಾನೆ. ಮನುಷ್ಯರಿಗೆ ಊರಿದೆ, ಭಾಷೆ ಇದೆ, ಸಂಭಾವನೆ ಇದೆ, ಹಾಗಾಗಿ ಪ್ರಶ್ನೆಯೂ ಏಳುತ್ತದೆ. ಗೆರೆಯ ಹುಡುಗಿಗೆ ಇವು ಯಾವುವೂ ಇಲ್ಲ. ಗುಜರಾತಿನ ಸಹಕಾರ ಸಂಘದ ಮುಖವಾಗಿಯೂ ಆಕೆ ಗುಜರಾತಿನವಳಾಗಿ ಕಾಣುವುದಿಲ್ಲ.

ಜಗಳದಲ್ಲಿ ಯಾರ ಮಾತು ಏನು

2023ರ ಏಪ್ರಿಲ್ 5ರಂದು, ವಿಧಾನಸಭೆ ಚುನಾವಣೆಗೆ ಸ್ವಲ್ಪವೇ ಮುಂಚೆ, ಅಮುಲ್ ಬೆಂಗಳೂರಿನಲ್ಲಿ ಹಾಲು-ಮೊಸರು ಮಾರಾಟದ ಸೂಚನೆ ಪ್ರಕಟಿಸಿತು. ಅದಕ್ಕೆ ಮೊದಲೇ, 2022ರ ಡಿಸೆಂಬರ್ 30ರಂದು ಮಂಡ್ಯ ಜಿಲ್ಲೆಯಲ್ಲಿ ಕೇಂದ್ರ ಸಚಿವ ಅಮಿತ್ ಶಾ ಅಮುಲ್ ಮತ್ತು ಕರ್ನಾಟಕದ ಮಹಾಮಂಡಳ ಒಟ್ಟಾಗಿ ಕೆಲಸ ಮಾಡಬೇಕೆಂಬ ಮಾತು ಆಡಿದ್ದರು. ಎರಡನ್ನೂ ಸೇರಿಸಿ ಓದಿದವರಿಗೆ ವಿಲೀನದ ಭಯ ಹುಟ್ಟಿತು.

ಅಮುಲ್ ಪರವಾದ ವಾದ ಹೀಗಿತ್ತು: ಮಾರುಕಟ್ಟೆ ಮುಕ್ತವಾಗಿದೆ, ಬೇಕಾದವರು ಕೊಳ್ಳಲಿ. ಅಮುಲ್ ಕೂಡ ರೈತರದೇ ಸಹಕಾರ ಸಂಘ, ನಂದಿನಿಯೂ ಬೇರೆ ರಾಜ್ಯಗಳಿಗೆ ಹೋಗುತ್ತದೆ. ಇದರಲ್ಲಿ ಹುರುಳಿದೆ. ಅದೇ 2023ರಲ್ಲಿ ಕೇರಳದ ಮಿಲ್ಮಾ ಸಂಸ್ಥೆ ನಂದಿನಿ ಮಳಿಗೆಗಳನ್ನು ಆಕ್ಷೇಪಿಸಿತ್ತು. ಅಲ್ಲಿ ಹೊರಗಿನವರು ನಾವೇ.

ವಿರೋಧಿಸಿದವರ ವಾದ: ಒಂದು ಸಹಕಾರ ಸಂಘ ಇನ್ನೊಂದರ ಹಾಲಿನ ಸೀಮೆಗೆ ಕೈ ಹಾಕಬಾರದು ಎಂಬ ಅಲಿಖಿತ ಒಪ್ಪಂದದ ಮೇಲೆಯೇ ದೇಶದ ಹೈನುಗಾರಿಕೆ ನಿಂತಿದೆ, ಅದು ಮುರಿದರೆ ದೊಡ್ಡದು ಚಿಕ್ಕದನ್ನು ನುಂಗುತ್ತದೆ.

ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯಲ್ಲಿ ಎರಡು ಬೇರೆ ಕೆಲಸಗಳು ಕಲಸಿಹೋದವು: ಹಾಲು ಮಾರುವುದು ಮತ್ತು ಹಾಲು ಕೊಳ್ಳುವುದು. ಮಾರಾಟದಲ್ಲಿ ನಂದಿನಿಗೆ ಆಗ ಗಟ್ಟಿಯಾದ ರಕ್ಷಣೆ ಇತ್ತು. ಬೆಂಗಳೂರಿನಲ್ಲಿ ಅದರ ಟೋನ್ಡ್ ಹಾಲು ಲೀಟರಿಗೆ 39 ರೂಪಾಯಿ, ಅಮುಲ್‌ನದು 54 ಇತ್ತು. ನಂದಿನಿಯ ದರ ಏರಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. ರೈತರಿಗೆ ಸರ್ಕಾರವೇ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಸೇರಿಸುತ್ತಿತ್ತು. ಹದಿನೈದು ರೂಪಾಯಿ ಹೆಚ್ಚು ಕೊಟ್ಟು ಬೇರೆ ಹಾಲು ಕೊಳ್ಳುವವರು ಎಷ್ಟು ಮಂದಿ?

ಕೊಳ್ಳುವ ಕೆಲಸ ಹಾಗಲ್ಲ. 2023ರ ಮೇ ತಿಂಗಳಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅಮಿತ್ ಶಾ ಅವರಿಗೆ ಪತ್ರ ಬರೆದು ಆಕ್ಷೇಪಿಸಿದ್ದು ಅಮುಲ್ ಹಾಲು ಮಾರುವುದನ್ನಲ್ಲ, ಕೃಷ್ಣಗಿರಿ ಭಾಗದಲ್ಲಿ ಶೀತಲೀಕರಣ ಕೇಂದ್ರ ಹೂಡಿ ರೈತರಿಂದ ಹಾಲು ಸಂಗ್ರಹಿಸಲು ಹೊರಟದ್ದನ್ನು. ಅದು ಸರಿಯಾದ ಜಾಗಕ್ಕೆ ಬೊಟ್ಟು ಮಾಡಿದ ಪತ್ರ.

ಮೆಟ್ರೊ ಪ್ರಕರಣ ಇದಕ್ಕಿಂತ ಸಣ್ಣದು. ಹತ್ತು ನಿಲ್ದಾಣಗಳ ಜಾಗಕ್ಕೆ ಟೆಂಡರ್ ಕರೆದಾಗ ಮಹಾಮಂಡಳ ಅರ್ಜಿ ಹಾಕಿರಲಿಲ್ಲ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ತಿಳಿಸಿದರು. ಎರಡು ಅಮುಲ್ ಮಳಿಗೆಗಳು ಆಗಲೇ ತೆರೆದಿದ್ದವು, ಉಳಿದ ಎಂಟು ನಂದಿನಿಗೆ ಎಂದಾಯಿತು. ಇಲ್ಲಿ ಕಾಣುವುದು ಆಕ್ರಮಣವಲ್ಲ, ನಮ್ಮ ಸಂಸ್ಥೆ ಹೊತ್ತಿಗೆ ಸರಿಯಾಗಿ ಎದ್ದು ಹೋಗದಿದ್ದದ್ದು. ಅದನ್ನು ಹೇಳದೆ ಬೆಣ್ಣೆ ಹುಡುಗಿಯನ್ನು ಬಯ್ದರೆ ತಪ್ಪು ಮಾಡಿದವರು ತಪ್ಪಿಸಿಕೊಳ್ಳುತ್ತಾರೆ.

ಮಾಚೇನಹಳ್ಳಿಯಿಂದ ಘಟ್ಟದ ಅಂಚಿನವರೆಗೆ

ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲನ್ನು ಒಟ್ಟುಗೂಡಿಸುವ ಶಿಮುಲ್ ಒಕ್ಕೂಟದ ಡೈರಿ ಇರುವುದು ಮಾಚೇನಹಳ್ಳಿಯಲ್ಲಿ. ಬಯಲಿನ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿವೆ, ಮಿಶ್ರತಳಿ ಹಸುಗಳಿವೆ, ಒಂದೇ ಬೀದಿಯಲ್ಲಿ ಕ್ಯಾನ್ ತುಂಬುತ್ತದೆ. ಹೊಸನಗರ, ತೀರ್ಥಹಳ್ಳಿಯ ಕಡೆ ಹಾಗಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ತೋಟ, ಒಂದು ಗದ್ದೆ, ಒಂದು ಹಳ್ಳ. ಅಡಿಕೆ ತೋಟದ ಗೊಬ್ಬರಕ್ಕೆಂದೇ ದನ ಕಟ್ಟುವುದು ಅಲ್ಲಿನ ಹಳೆಯ ರೂಢಿ. ಮಲೆನಾಡು ಗಿಡ್ಡ ಹಸು ಗುಡ್ಡ ಹತ್ತಿ ಮೇಯುತ್ತದೆ, ಮಳೆಗೆ ಅಂಜುವುದಿಲ್ಲ, ಆದರೆ ಕೊಡುವುದು ಒಂದೆರಡು ಲೀಟರ್.

ಬೆಳಿಗ್ಗೆ ಡೈರಿಯ ಕಟ್ಟೆಯ ಮುಂದೆ ಆಗುವುದು ಇಷ್ಟು. ಪಾತ್ರೆಯ ಹಾಲು ಅಳೆಯುತ್ತಾರೆ, ಪುಟ್ಟ ಬಟ್ಟಲಿನಲ್ಲಿ ಮಾದರಿ ತೆಗೆದು ಫ್ಯಾಟ್ ನೋಡುತ್ತಾರೆ, ಅಂಕಿ ಬಂದಂತೆ ದರ ನಿಲ್ಲುತ್ತದೆ. ಬೂಸಾ, ಹಿಂಡಿಯ ಬಾಕಿ ಮುರಿದುಕೊಂಡು ಬಟವಾಡೆ ಕೈಗೆ ಬರುತ್ತದೆ. ಅಡಿಕೆಯ ಹಣ ವರ್ಷಕ್ಕೊಮ್ಮೆ ಬರುವುದು, ಹಾಲಿನದು ಮನೆಯ ವಾರದ ಖರ್ಚಿಗೆ ಆಗುವುದು. ಬಹಳ ಮನೆಗಳಲ್ಲಿ ಆ ಹಣ ಹೆಂಗಸರ ಕೈಯಲ್ಲಿರುತ್ತದೆ.

ಮುಖದ ಪ್ರಶ್ನೆ ಇವರನ್ನು ಎರಡು ರೀತಿಯಲ್ಲಿ ಮುಟ್ಟುತ್ತದೆ. ಒಂದು, ಲಾಭ ಹೆಚ್ಚಿರುವುದು ಹಸಿ ಹಾಲಿನಲ್ಲಲ್ಲ, ಬೆಣ್ಣೆ, ಚೀಸ್, ಐಸ್‌ಕ್ರೀಮ್‌ನಂಥ ಪದಾರ್ಥಗಳಲ್ಲಿ. ಹಾಲನ್ನು ಜನ ದರ ನೋಡಿ ಕೊಳ್ಳುತ್ತಾರೆ, ಐಸ್‌ಕ್ರೀಮನ್ನು ಹೆಸರು ನೋಡಿ ಕೊಳ್ಳುತ್ತಾರೆ, ಮಕ್ಕಳು ಚಿತ್ರ ನೋಡಿ ಕೊಳ್ಳಿಸುತ್ತಾರೆ. ನಂದಿನಿ 2024ರಲ್ಲಿ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಪ್ರಾಯೋಜಕತ್ವ ವಹಿಸಿದ್ದು, ಅದೇ ವರ್ಷ ದೆಹಲಿಗೆ ಕಾಲಿಟ್ಟದ್ದು ಈ ಲೆಕ್ಕದಿಂದ. ಕನ್ನಡ ನಟರ ಮುಖ ದೆಹಲಿಯಲ್ಲಿ ಅಷ್ಟು ಕೆಲಸ ಮಾಡದು. ಅಲ್ಲಿಗೆ ನಂದಿನಿಗೂ ಗಡಿ ದಾಟುವ, ವಯಸ್ಸಾಗದ ಒಂದು ಪಾತ್ರ ಬೇಕಾಗುತ್ತದೆ. ಅದನ್ನು ಬರೆಸುವುದಾದರೆ ಬರೆದವರ ಹೆಸರನ್ನು ಮೊದಲ ದಿನವೇ ಪೊಟ್ಟಣದ ಮೇಲೆ ಅಚ್ಚು ಮಾಡಬೇಕು.

ಎರಡನೆಯದು ಹಾಲು ಕೊಳ್ಳುವ ಕಡೆಯದು. ಬೇರೊಂದು ಸಂಸ್ಥೆ, ಅದರ ಫಲಕದ ಮೇಲೆ ಎಷ್ಟೇ ಮುದ್ದಾದ ಚಿತ್ರವಿರಲಿ, ಲೀಟರಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟು ಸಂಗ್ರಹಕ್ಕೆ ಇಳಿದರೆ ಮೊದಲು ಹೋಗುವುದು ಕ್ಯಾನ್ ಬೇಗ ತುಂಬುವ ಬಯಲಿನ ಊರುಗಳಿಗೆ. ಅಲ್ಲಿನ ಹಾಲು ಕಡಿಮೆಯಾದರೆ ಒಕ್ಕೂಟಕ್ಕೆ ಲಾರಿ ಓಡಿಸುವ ಖರ್ಚು ಪ್ರತಿ ಲೀಟರಿನ ಮೇಲೂ ಏರುತ್ತದೆ. ಖರ್ಚು ಏರಿದಾಗ ಮೊದಲು ನಿಲ್ಲುವುದು ಅತಿ ದೂರದ, ಅತಿ ಕಡಿಮೆ ಹಾಲಿನ ಮಾರ್ಗ: ಘಟ್ಟದ ಅಂಚಿನ ಊರುಗಳದ್ದು. ಹೊಸದಾಗಿ ಬಂದ ಸಂಸ್ಥೆಯ ಗಾಡಿ ಎಂಟು ಲೀಟರ್ ಹಾಲಿಗಾಗಿ ಆ ತಿರುವು ರಸ್ತೆಯನ್ನು ಹತ್ತಿ ಬರುವುದಿಲ್ಲ. ಅಲ್ಲಿ ಎರಡು ಹಸು ಕಟ್ಟಿದ ಮನೆಗೆ ಇಂದು ಕೊಳ್ಳುವವರು ಒಬ್ಬರೇ. ಆ ಮಾರ್ಗ ನಿಂತ ಮೇಲೆ ಆ ಒಬ್ಬರೂ ಇರುವುದಿಲ್ಲ.